ಈ ಕಾನೂನು ಯಾರ ಕೈ ಕಟ್ಟುತ್ತದೆ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೇ ಬಂದು ಕೇಳಿದರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. "ನೀವು ಪಾಠ ಮಾಡಿದ ಇತಿಹಾಸದ ಬಗ್ಗೆಯೇ ಬರೀರಿ ಸಾರ್" ಎಂದರು. ಶಾಲೆ ಹೇಗೆ ಶುರುವಾಯಿತು, ಜಾಗ ಕೊಟ್ಟ ಪುಣ್ಯಾತ್ಮರು ಯಾರು, ಮೊದಲ ಎಸ್.ಎಸ್.ಎಲ್.ಸಿ. ತಂಡದಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಒಂದು ಪಾಠದ ಬಗ್ಗೆ ಮಾತ್ರ ಬರೆಯುತ್ತೇನೆ.

ನಾನು ಈ ಶಾಲೆಗೆ ಸಮಾಜ ವಿಜ್ಞಾನದ ಸಹ ಶಿಕ್ಷಕನಾಗಿ ಬಂದದ್ದು 1989ರಲ್ಲಿ. ಒಂಬತ್ತನೇ ತರಗತಿಗೆ ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠವಿತ್ತು. ಮೊದಲ ಕೆಲವು ವರ್ಷ ಅದನ್ನು ನಾನು ಎಲ್ಲರಂತೆಯೇ ಮಾಡಿದೆ. ಕಾರಣಗಳು ಐದು, ಪರಿಣಾಮಗಳು ಆರು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ. 1787ರಲ್ಲಿ ಸಂವಿಧಾನ ರಚನೆ. 1791ರಲ್ಲಿ ಹಕ್ಕುಗಳ ಹತ್ತು ತಿದ್ದುಪಡಿ. ಕರಿಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳು ನೋಟ್ಸ್ ಇಳಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಂಕ ಬರುತ್ತಿತ್ತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಎಲ್ಲಾ ಮನುಷ್ಯರೂ ಸಮಾನರು ಅಂತ ಬರೆದುಕೊಂಡರಲ್ಲ, ಆವಾಗ ಅಲ್ಲಿ ಗುಲಾಮರು ಇರಲಿಲ್ವಾ?" ಎಂದು ಕೇಳಿದ. ಇದ್ದರು ಎಂದೆ. "ಮತ್ತೆ ಅವರು ಹೆಂಗೆ ಸುಮ್ಮನಿದ್ದರು? ಅದನ್ನ ಅವರು ಓದಲಿಲ್ವಾ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ, ಕೂತ್ಕೊ" ಎಂದೆ. ಆ ನಾಳೆ ಬರಲು ಒಂದು ವರ್ಷ ಹಿಡಿಯಿತು. ಜಿಲ್ಲಾ ಗ್ರಂಥಾಲಯಕ್ಕೆ ಹೋದೆ. ವಕೀಲರಾಗಿದ್ದ ಮಿತ್ರರೊಬ್ಬರು ತಮ್ಮ ಕಾಲೇಜು ದಿನಗಳ ಹಳೆಯ ಪುಸ್ತಕಗಳನ್ನು ಕೊಟ್ಟರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಓದಿದೆ. ಆಗ ತಿಳಿದದ್ದು, ಆ ಹುಡುಗ ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಕೈಹಾಕಿದ್ದ ಎಂದು. ಗುಲಾಮರು ಓದಬಾರದು ಎಂದೇ ಅಲ್ಲಿ ಕಾನೂನಿತ್ತು.

ಮರುವರ್ಷದಿಂದ ಆ ಪಾಠವನ್ನು ಬೇರೆ ರೀತಿ ಮಾಡತೊಡಗಿದೆ. ಮೊದಲು ಕರಿಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆಯುತ್ತಿದ್ದೆ: "ಈ ಕಾನೂನು ಯಾರ ಕೈ ಕಟ್ಟುತ್ತದೆ?" ಪ್ರತಿ ಕಾನೂನಿಗೂ ಮಕ್ಕಳು ಈ ಪ್ರಶ್ನೆ ಕೇಳಿ ಉತ್ತರ ಹೇಳಬೇಕು.

ಅಮೆರಿಕದ ಮೊದಲನೇ ತಿದ್ದುಪಡಿಯನ್ನು ತೆಗೆದುಕೊಳ್ಳಿ. ಅದು ಪ್ರಜೆಗಳಿಗೆ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ ಕೊಡುತ್ತದೆ ಎಂದು ನಾವು ಹೇಳಿಕೊಡುತ್ತೇವೆ. ಆದರೆ ಅದರ ವಾಕ್ಯ ಇರುವುದು ಹಾಗಲ್ಲ. ಇವುಗಳನ್ನು ಮೊಟಕು ಮಾಡುವ ಕಾನೂನನ್ನು ಕಾಂಗ್ರೆಸ್ ಮಾಡಕೂಡದು ಎಂದು ಅದು ಹೇಳುತ್ತದೆ. ಕಾಂಗ್ರೆಸ್ ಎಂದರೆ ಅವರ ಸಂಸತ್ತು. ಅಂದರೆ ಹಕ್ಕು ಎಂಬುದೂ ಒಂದು ನಿಷೇಧವೇ. ಕಟ್ಟುವುದು ಸರ್ಕಾರದ ಕೈಯನ್ನು. ನಮ್ಮ ಸಂವಿಧಾನದ 13ನೇ ವಿಧಿಯೂ ಇದೇ ಬಗೆಯದು. ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವ ಕಾನೂನನ್ನು ರಾಜ್ಯ ಮಾಡತಕ್ಕದ್ದಲ್ಲ ಎನ್ನುತ್ತದೆ. 17ನೇ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿದಾಗ ಸರ್ಕಾರದ ಕೈಯನ್ನಷ್ಟೇ ಅಲ್ಲ, ನಮ್ಮ ನಿಮ್ಮ ಕೈಯನ್ನೂ ಕಟ್ಟುತ್ತದೆ. ಹಾಗಾಗಿ ನಿಷೇಧ ಎಂದ ಕೂಡಲೇ ಕೆಟ್ಟದ್ದು, ಹಕ್ಕು ಎಂದ ಕೂಡಲೇ ಒಳ್ಳೆಯದು ಎಂದು ಬರೆದುಕೊಳ್ಳಬೇಡಿ, ಕೈ ಯಾರದು ನೋಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ಆಮೇಲೆ ಬರುತ್ತಿತ್ತು ಓದಿನ ಮೇಲಿನ ನಿಷೇಧದ ಕಥೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೊನೊ ಎಂಬಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ, 1740ರಲ್ಲಿ, ಅಲ್ಲಿ ಬಂದ ಕಾನೂನು ಗುಲಾಮರಿಗೆ ಬರವಣಿಗೆ ಕಲಿಸಿದವರಿಗೆ 100 ಪೌಂಡ್ ದಂಡ ಹಾಕಿತು. 1829ರಲ್ಲಿ ಬಾಸ್ಟನ್ನಿನ ಡೇವಿಡ್ ವಾಕರ್ ಎಂಬ ಕರಿಯ ವ್ಯಾಪಾರಿ ಗುಲಾಮಗಿರಿಯ ವಿರುದ್ಧ ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ. ಅದು ಹಡಗುಗಳಲ್ಲಿ ಗುಟ್ಟಾಗಿ ದಕ್ಷಿಣದ ರಾಜ್ಯಗಳಿಗೆ ತಲುಪಿತು. ಓದು ಬಂದವನೊಬ್ಬನಿದ್ದರೆ ಸಾಕು, ಹತ್ತು ಜನಕ್ಕೆ ಓದಿ ಹೇಳುತ್ತಾನೆ ಎಂದು ಒಡೆಯರಿಗೆ ದಿಗಿಲಾಯಿತು. ಜಾರ್ಜಿಯಾ, ಉತ್ತರ ಕೆರೊಲಿನಾ, ವರ್ಜೀನಿಯಾ, ಅಲಬಾಮಾ ಒಂದರ ಹಿಂದೊಂದು ನಿಷೇಧ ತಂದವು.

1830ರ ಉತ್ತರ ಕೆರೊಲಿನಾದ ಕಾನೂನನ್ನು ನಾನು ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದೆ. ಗುಲಾಮನಿಗೆ ಓದುಬರಹ ಕಲಿಸಿದವನು ಬಿಳಿಯನಾದರೆ 100ರಿಂದ 200 ಡಾಲರ್ ದಂಡ ಇಲ್ಲವೇ ಸೆರೆಮನೆ. ಗುಲಾಮನೇ ಇನ್ನೊಬ್ಬ ಗುಲಾಮನಿಗೆ ಕಲಿಸಿದರೆ ಬೆನ್ನಿನ ಮೇಲೆ 39 ಛಡಿ ಏಟು. ಒಂದೇ ಅಪರಾಧ, ಮೈಬಣ್ಣ ನೋಡಿ ಶಿಕ್ಷೆ. ಅದರಲ್ಲಿ ಒಂದು ವಿನಾಯಿತಿಯೂ ಇತ್ತು: ಲೆಕ್ಕ ಕಲಿಸಬಹುದು. ಇಷ್ಟು ಹೇಳಿದರೆ ತರಗತಿ ಗೊಳ್ಳೆಂದು ನಗುತ್ತಿತ್ತು. "ಸಾರ್, ನಮಗೆ ಅದೇ ಒಂದು ಬೇಡವಾಗಿರೋದು!" ನಗು ನಿಂತ ಮೇಲೆ, ಯಾಕೆ ಲೆಕ್ಕಕ್ಕೆ ಮಾತ್ರ ವಿನಾಯಿತಿ ಎಂದು ಕೇಳುತ್ತಿದ್ದೆ. ಹೊಲದ ಕೂಲಿ ಮಾಡುವ ಮನೆಗಳ ಮಕ್ಕಳೇ ಮೊದಲು ಹೇಳುತ್ತಿದ್ದರು: "ಮೂಟೆ ಎಣಿಸೋಕೆ ಬೇಕಲ್ಲ ಸಾರ್."

ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಇರಲಿಲ್ಲ. ಇಲ್ಲದ ಕಡೆ ಒಡೆಯನ ಮಾತೇ ಕಾನೂನು. ಫ್ರೆಡರಿಕ್ ಡಗ್ಲಾಸ್ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದವನು. ಬಾಲ್ಟಿಮೋರಿನ ಮನೆಯೊಡತಿ ಅವನಿಗೆ ಅಕ್ಷರ ಹೇಳಿಕೊಡತೊಡಗಿದಾಗ ಅವಳ ಗಂಡ ತಡೆದ; ಓದು ಕಲಿತ ಗುಲಾಮ ಕೈಗೆ ಸಿಗುವುದಿಲ್ಲ ಎಂದ. ಓದಿನಲ್ಲಿ ಏನೋ ಬಲವಿದೆ ಎಂದು ಡಗ್ಲಾಸನಿಗೆ ತಿಳಿದದ್ದು ಆ ತಡೆಯಿಂದಲೇ. ಬೀದಿಯ ಬಿಳಿಯ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಅಕ್ಷರ ಕಲಿತ. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದ. 1845ರಲ್ಲಿ ಆತ್ಮಕಥೆ ಬರೆದ.

ಆದರೆ ನಮ್ಮ ಮಕ್ಕಳನ್ನು ಹೆಚ್ಚು ಹಿಡಿದದ್ದು ಮಾರ್ಗರೆಟ್ ಡಗ್ಲಾಸ್ ಎಂಬ ಹೆಂಗಸಿನ ಕಥೆ. ಹೆಸರು ಒಂದೇ ಆದರೂ ಫ್ರೆಡರಿಕನಿಗೂ ಅವಳಿಗೂ ಸಂಬಂಧವಿಲ್ಲ. ವರ್ಜೀನಿಯಾದ ನಾರ್ಫೋಕ್ ಊರಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಬಿಳಿಯ ಹೆಂಗಸು. ಗುಲಾಮಗಿರಿ ಹೋಗಲಿ ಎಂದು ಹೋರಾಡಿದವಳೇನಲ್ಲ. ಗುಲಾಮರಲ್ಲದ, ಸ್ವತಂತ್ರ ಕರಿಯರ ಮಕ್ಕಳಿಗೆ ಮಗಳ ಜೊತೆಗೂಡಿ ಮನೆಯಲ್ಲೇ ಪಾಠ ಹೇಳುತ್ತಿದ್ದಳು. 1853ರಲ್ಲಿ ಪೊಲೀಸರು ಬಂದು ಮಕ್ಕಳ ಸಮೇತ ಹಿಡಿದುಕೊಂಡು ಹೋದರು. ಊರಿನ ಇಗರ್ಜಿಯ ಭಾನುವಾರದ ಶಾಲೆಯಲ್ಲಿ ಇದೇ ಪುಸ್ತಕಗಳಿಂದ ಇಂಥದೇ ಮಕ್ಕಳಿಗೆ ಕಲಿಸುತ್ತಾರಲ್ಲ, ನಾನು ಮಾಡಿದ್ದರಲ್ಲಿ ತಪ್ಪೇನು ಎಂದು ನ್ಯಾಯಾಲಯದಲ್ಲಿ ತಾನೇ ವಾದಿಸಿದಳು. ಜೂರಿಯವರು ಒಂದು ಡಾಲರ್ ದಂಡ ಸಾಕು ಎಂದರು. ನ್ಯಾಯಾಧೀಶರು ಒಪ್ಪದೆ, ಉಳಿದವರಿಗೂ ಬುದ್ಧಿ ಬರಲಿ ಎಂದು 1854ರ ಜನವರಿಯಲ್ಲಿ ಒಂದು ತಿಂಗಳ ಸೆರೆವಾಸ ವಿಧಿಸಿದರು. "ಪಾಠ ಮಾಡಿದ್ದಕ್ಕೆ ಜೈಲಾ ಸಾರ್?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

ಅಂತರ್ಯುದ್ಧ ಶುರುವಾದ 1861ರಲ್ಲೇ, ವರ್ಜೀನಿಯಾದ ಹ್ಯಾಂಪ್ಟನ್ನಿನಲ್ಲಿ ಮೇರಿ ಪೀಕ್ ಎಂಬಾಕೆ ಒಂದು ಓಕ್ ಮರದಡಿ ಒಡೆಯರಿಂದ ತಪ್ಪಿಸಿಕೊಂಡು ಬಂದವರ ಮಕ್ಕಳನ್ನು ಕೂರಿಸಿಕೊಂಡು ಶಾಲೆ ತೆರೆದಳು. ಅದಕ್ಕೆ ಮುಂಚೆ ಅವಳು ಕದ್ದುಮುಚ್ಚಿ ಕಲಿಸಿದವಳು. ಆ ಮರ ಈಗ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಯುದ್ಧ ಮುಗಿದ ಮೇಲೆ 13ನೇ ತಿದ್ದುಪಡಿ ಗುಲಾಮಗಿರಿಯನ್ನು ನಿಷೇಧಿಸಿತು. 1868ರ 14ನೇ ತಿದ್ದುಪಡಿ, ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಯಾವ ರಾಜ್ಯವೂ ಕಸಿಯಕೂಡದು, ಕಾನೂನಿನ ಸಮಾನ ರಕ್ಷಣೆಯನ್ನು ಯಾರಿಗೂ ನಿರಾಕರಿಸಕೂಡದು ಎಂದಿತು. 1870ರ 15ನೇ ತಿದ್ದುಪಡಿ ಜನಾಂಗದ ಕಾರಣಕ್ಕೆ ಮತ ನಿರಾಕರಿಸಕೂಡದು ಎಂದಿತು. ಕಥೆ ಇಲ್ಲಿಗೆ ಮುಗಿಯಲಿಲ್ಲ. 1890ರಲ್ಲಿ ಮಿಸಿಸಿಪಿ ರಾಜ್ಯ ಮತ ಹಾಕುವವರಿಗೆ ಓದಿನ ಪರೀಕ್ಷೆ ಇಟ್ಟಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಅಜ್ಜ ಓದಬಾರದು ಎಂದು ಕಾನೂನು ಮಾಡಿದವರೇ, ಮೊಮ್ಮಗನಿಗೆ ಓದು ಬಾರದು, ಆದ್ದರಿಂದ ಮತವಿಲ್ಲ ಎಂದರು. ಅಂಥ ಪರೀಕ್ಷೆಗಳಿಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕುಗಳ ಕಾಯಿದೆಯಿಂದ. ಸಂವಿಧಾನದಲ್ಲಿ ಬರೆದದ್ದು ಮತಗಟ್ಟೆಗೆ ಬರಲು 95 ವರ್ಷ ಹಿಡಿಯಿತು ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸುತ್ತಿದ್ದೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. 1996ರಲ್ಲಿ ಈ ಪಾಠಕ್ಕೆ ಇನ್ನೊಂದು ಪ್ರಸಂಗ ಸೇರಿಸಿದೆ. ಅದು ನೆಬ್ರಾಸ್ಕಾ ರಾಜ್ಯದ್ದು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಹೋರಾಡಿತ್ತು. ನೆಬ್ರಾಸ್ಕಾದಲ್ಲಿ ಜರ್ಮನ್ ಮಾತಾಡುವ ರೈತರು ಬಹಳ. ಅವರ ಮೇಲೆ ಅನುಮಾನ ಹುಟ್ಟಿತು. 1919ರಲ್ಲಿ ಅಲ್ಲಿನ ಶಾಸನಸಭೆ, ಯಾವ ಶಾಲೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡಕೂಡದು, ಎಂಟನೇ ತರಗತಿ ಮುಗಿಯುವವರೆಗೆ ಮಗುವಿಗೆ ಅನ್ಯಭಾಷೆ ಕಲಿಸಕೂಡದು ಎಂದು ಕಾನೂನು ಮಾಡಿತು. ಲ್ಯಾಟಿನ್, ಗ್ರೀಕ್, ಹೀಬ್ರೂ ನಿಷೇಧಕ್ಕೆ ಒಳಪಡುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ ಅರ್ಥೈಸಿತು. ಮನೆಯಲ್ಲಿ ಅಜ್ಜಿ ಆಡುವ ಭಾಷೆಗೆ ಮಾತ್ರ ಅಡ್ಡಿ.

ಹ್ಯಾಂಪ್ಟನ್ ಎಂಬ ಹಳ್ಳಿ ಅಲ್ಲಿಯೂ ಇದೆ. ಅಲ್ಲಿನ ಇಗರ್ಜಿ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್. 1920ರ ಮೇ 25ರಂದು ಹತ್ತು ವರ್ಷದ ಹುಡುಗನೊಬ್ಬನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದಾಗ ಸರ್ಕಾರಿ ವಕೀಲರು ಬಂದರು. ಆ ಗಳಿಗೆಯಲ್ಲಿ ಇಂಗ್ಲಿಷಿಗೆ ಹೊರಳಿದ್ದರೆ ಪಾರಾಗುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು, ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು. ಮೇಯರ್ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದರು. 1923ರ ಜೂನ್ 4ರಂದು ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಅವರ ಪರ ನಿಂತರು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಬರೆದ ಅದೇ 14ನೇ ತಿದ್ದುಪಡಿಯ "ಸ್ವಾತಂತ್ರ್ಯ" ಎಂಬ ಮಾತಿನಲ್ಲಿ ಮೇಷ್ಟ್ರು ಕಲಿಸುವ ಹಕ್ಕೂ, ತಂದೆತಾಯಿ ತಮ್ಮ ಮಗುವಿಗೆ ಕಲಿಸಲು ಅವರನ್ನು ಗೊತ್ತುಮಾಡಿಕೊಳ್ಳುವ ಹಕ್ಕೂ ಸೇರಿದೆ ಎಂದರು. ಎಲ್ಲರೂ ಇಂಗ್ಲಿಷ್ ಕಲಿತು ಒಂದಾಗಲಿ ಎಂಬ ಉದ್ದೇಶವನ್ನು ಅವರು ತಪ್ಪೆನ್ನಲಿಲ್ಲ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಸಂವಿಧಾನ ತಡೆದಿರುವ ದಾರಿಯಲ್ಲಿ ಹೋಗುವಂತಿಲ್ಲ ಎಂದರು.

ನಾನು ಇದನ್ನು ಹುರುಪಿನಿಂದ ಹೇಳಿ ಮುಗಿಸಿದೆ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ತಾಂಡಾದ ಹುಡುಗಿ ಕೈ ಎತ್ತಿದಳು. ಮಾತು ಕಡಿಮೆಯ ಹುಡುಗಿ. "ಸಾರ್, ದಂಡ ಮೇಷ್ಟ್ರಿಗಾ ಹಾಕಿದ್ದು? ಆ ಹುಡುಗನಿಗೆ ಹಾಕಲಿಲ್ವಾ?"

"ಇಲ್ಲಮ್ಮ, ಮೇಷ್ಟ್ರಿಗೆ ಮಾತ್ರ" ಎಂದೆ. ಅವಳು ಕೂತಳು. ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಅವಳ ಕಣ್ಣು ನನ್ನ ಕಡೆ ಇರಲಿಲ್ಲ. ಕರಿಹಲಗೆಯ ಪಕ್ಕದ ಗೋಡೆಯ ಕಡೆ ಇತ್ತು.

ಆ ಗೋಡೆಯ ಮೇಲೆ ತರಗತಿ ನಿಯಮಗಳ ಹಾಳೆ ಇತ್ತು. ಐದು ವರ್ಷದ ಹಿಂದೆ ನನ್ನ ಕೈಯಾರೆ ಬರೆದು ಅಂಟಿಸಿದ್ದು. ನಾಲ್ಕನೆಯ ನಿಯಮ: "ಶಾಲೆಯಲ್ಲಿ ಕನ್ನಡದಲ್ಲೇ ಮಾತನಾಡಬೇಕು. ಲಂಬಾಣಿ ಮಾತನಾಡಿದವರಿಗೆ 25 ಪೈಸೆ ದಂಡ." ತರಗತಿಯ ಲೀಡರ್ ಹೆಸರು ಬರೆದುಕೊಳ್ಳುತ್ತಿದ್ದ. ದಂಡದ ಹಣ ಒಂದು ಡಬ್ಬಿಯಲ್ಲಿ ಬೀಳುತ್ತಿತ್ತು. ಅದರಲ್ಲಿ ಸೀಮೆಸುಣ್ಣವೋ ನಕಾಶೆಯೋ ತರುತ್ತಿದ್ದೆವು. ಮೇಲಿನಿಂದ ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ನಿಯಮ ನನ್ನದು. ಉದ್ದೇಶವೂ ಒಳ್ಳೆಯದೇ ಎಂದುಕೊಂಡಿದ್ದೆ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿಯಷ್ಟೇ ಆಡುತ್ತಾರೆ, ಪರೀಕ್ಷೆ ಬರೆಯುವುದು ಕನ್ನಡದಲ್ಲಿ, ಶಾಲೆಯಲ್ಲಾದರೂ ಕನ್ನಡ ನಾಲಿಗೆಗೆ ಹತ್ತಲಿ ಎಂದು. ನೆಬ್ರಾಸ್ಕಾದ ಶಾಸಕರೂ ಇದನ್ನೇ ಹೇಳಿದ್ದರು. ಒಂದು ವ್ಯತ್ಯಾಸ: ಅವರು ದಂಡ ಹಾಕಿದ್ದು ಸಂಬಳ ಬರುವ ಮೇಷ್ಟ್ರಿಗೆ, ನಾನು ಹಾಕಿದ್ದು ತಿಂಡಿಗೂ ಕಾಸಿಲ್ಲದ ಮಗುವಿಗೆ.

ಅಂದೇ ಆ ಹಾಳೆಯನ್ನು ಕಿತ್ತೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಹದಿನೈದು ದಿನ ಹಾಗೆಯೇ ಬಿಟ್ಟೆ. ಪ್ರಶ್ನೆ ಕೇಳಿದ ಮರುದಿನವೇ ತೆಗೆದರೆ ಮಕ್ಕಳೆದುರು ಸೋತಂತೆ ಎಂಬ ಅಳುಕು. ಕೊನೆಗೆ ಒಂದು ಶನಿವಾರ, ಬೆಳಗಿನ ಪ್ರಾರ್ಥನೆಗೆ ಮೊದಲು, ತೆಗೆದುಹಾಕಿದೆ. ಸೋಮವಾರ ತರಗತಿಯಲ್ಲಿ, ಆ ನಿಯಮ ನನ್ನ ತಪ್ಪು ಎಂದು ಹೇಳಿದೆ. "ಅಮ್ಮ"ನಿಗೆ ನಿಮ್ಮ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿ ಕರಿಹಲಗೆಯ ಮೇಲೆ ಬರೆಸಿದೆ. ಅವ್ವ, ಅಮ್ಮ, ಅಮ್ಮಿ ಎಂದು ಬರೆದರು. ಆ ಹುಡುಗಿ ಕೊನೆಗೆ ಬಂದು ಕನ್ನಡ ಅಕ್ಷರದಲ್ಲಿ "ಯಾಡಿ" ಎಂದು ಬರೆದಳು. ಐದು ವರ್ಷ ಆ ಮಕ್ಕಳಿಗೆ ಪಾಠ ಮಾಡಿ ಆ ಒಂದು ಪದ ನನಗೆ ಗೊತ್ತಿರಲಿಲ್ಲ.

ಆಮೇಲೆ ಓದಿದ ಎರಡು ಸಂಗತಿಗಳನ್ನೂ ಪಾಠಕ್ಕೆ ಸೇರಿಸಿದೆ. ಮೇಯರ್ ಗೆದ್ದರೂ ಅಮೆರಿಕದ ಮೂಲನಿವಾಸಿ ಮಕ್ಕಳಿಗೆ ಆ ಗೆಲುವು ತಲುಪಲಿಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ತೆರೆದ ವಸತಿ ಶಾಲೆ, ಅದರ ಮಾದರಿಯಲ್ಲಿ ಬಂದ ಇತರ ಶಾಲೆಗಳು, ಆ ಮಕ್ಕಳ ಕೂದಲು ಕತ್ತರಿಸಿದವು, ಹೆಸರು ಬದಲಿಸಿದವು, ಸ್ವಂತ ಭಾಷೆ ಆಡಿದರೆ ಶಿಕ್ಷಿಸಿದವು. ಅಂಥ ಶಾಲೆಗಳಲ್ಲಿ ಓದಿದ ನವಾಹೊ ಜನರನ್ನೇ ಎರಡನೇ ಮಹಾಯುದ್ಧದಲ್ಲಿ ಸೇನೆ ಹುಡುಕಿಕೊಂಡು ಬಂತು. 1942ರಲ್ಲಿ 29 ಮಂದಿ ನವಾಹೊ ಸೈನಿಕರು ತಮ್ಮ ಭಾಷೆಯಲ್ಲೇ ಗುಪ್ತ ಸಂಕೇತ ಕಟ್ಟಿದರು. ಜಪಾನೀಯರಿಂದ ಅದನ್ನು ಭೇದಿಸಲಾಗಲಿಲ್ಲ. ಮೂಲನಿವಾಸಿಗಳು ತಮ್ಮ ಭಾಷೆ ಬಳಸುವ ಹಕ್ಕನ್ನು ಕಾಪಾಡುವ ಕಾನೂನು ಅಲ್ಲಿ ಬಂದದ್ದು 1990ರಲ್ಲಿ.

ಇನ್ನೊಂದು ನಮ್ಮ ನಾಡಿಗೆ ಸೇರಿದ್ದು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದರು. ಮೇಯರ್‌ಗೆ ಗೆಲುವು ತಂದ "ನ್ಯಾಯಸಮ್ಮತ ಕ್ರಮ" ಎಂಬ ಮಾತು ನ್ಯಾಯಾಧೀಶರ ಕೈಗೆ ಮಿತಿಮೀರಿದ ಅಧಿಕಾರ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ನಮ್ಮ 21ನೇ ವಿಧಿಯಲ್ಲಿ ಕೊನೆಗೆ ಉಳಿದದ್ದು "ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ" ಎಂಬ ಮಾತು. ಕೈ ಕಟ್ಟಬೇಕಾದದ್ದು ಶಾಸಕರದೋ ನ್ಯಾಯಾಧೀಶರದೋ ಎಂಬ ಪ್ರಶ್ನೆ ಅವರನ್ನೂ ಕಾಡಿತ್ತು. ಭಾಷೆಯ ವಿಷಯದಲ್ಲಂತೂ ನಮ್ಮ ಸಂವಿಧಾನಕ್ಕೆ 1956ರಲ್ಲೇ 350ಎ ವಿಧಿ ಸೇರಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ. ನಾನು ಆ ಹಾಳೆ ಅಂಟಿಸಿದಾಗ ಆ ವಿಧಿಗೆ 35 ವರ್ಷವಾಗಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಲಮು ಯಾರ ಕೈ ಕಟ್ಟುತ್ತದೆ ಎಂದು ತರಗತಿಯಲ್ಲಿ ಕೇಳಿದಾಗ ಮಕ್ಕಳು ನಗುತ್ತಾ ನನ್ನ ಕಡೆ ಬೆರಳು ತೋರಿಸಿದರು.

ಆ ಹುಡುಗಿ ಹತ್ತನೇ ತರಗತಿ ಪಾಸಾದಳು. ಈ ಸಂಚಿಕೆಯ ಕೊನೆಯಲ್ಲಿರುವ ಪಟ್ಟಿಯಲ್ಲಿ ಅವಳ ಹೆಸರಿದೆ. ಆದರೆ ನನ್ನ ಕಣ್ಣು ಹುಡುಕಿದ್ದು ಬೇರೊಂದು ಹೆಸರನ್ನು. ಅವಳಿಗಿಂತ ಮೂರು ವರ್ಷ ಹಿಂದೆ ಅದೇ ತಾಂಡಾದಿಂದ ಒಬ್ಬ ಹುಡುಗ ಬರುತ್ತಿದ್ದ. ಲೀಡರನ ಪಟ್ಟಿಯಲ್ಲಿ ಅವನ ಹೆಸರು ವಾರಕ್ಕೆ ಮೂರು ಸಲವಾದರೂ ಇರುತ್ತಿತ್ತು. ದಂಡ ಕಟ್ಟುತ್ತಿರಲಿಲ್ಲ, ಬಾಕಿ ಎಂದು ಬರೆಸಿಕೊಳ್ಳುತ್ತಿದ್ದ. ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಕಬ್ಬು ಕಡಿಯಲು ಮನೆಯವರ ಜೊತೆ ಹೋದ ಎಂದರು. ಅದು ನಿಜವೂ ಇರಬಹುದು. ನಿಯಮದಂತೆ ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ಯಾಕೆ ಬರಲಿಲ್ಲ ಎಂದು ತಾಂಡಾಕ್ಕೆ ಹೋಗಿ ಕೇಳಲಿಲ್ಲ. ಎರಡು ಮೈಲಿ ದೂರ, ಸೈಕಲ್ ನನ್ನ ಬಳಿಯೇ ಇತ್ತು.

ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಪಾಸಾದವರ ದಾಖಲೆಯಿಂದ ಮಾಡಿದ್ದಾರೆ. ಹಾಗಾಗಿ ಅವನ ಹೆಸರು ಅದರಲ್ಲಿಲ್ಲ. ಅವನಂತೆ ನಡುವೆ ಬಿಟ್ಟ ಎಷ್ಟೋ ಮಂದಿಯ ಹೆಸರೂ ಇಲ್ಲ. ಸಂಪಾದಕ ಮಂಡಳಿಯವರಿಗೆ ಹೇಳಿದ್ದೇನೆ, ಹಳೆಯ ಹಾಜರಿ ಪುಸ್ತಕಗಳನ್ನು ನಾನೇ ಕೂತು ನೋಡಿ ಆ ಹೆಸರುಗಳನ್ನು ಬರೆದುಕೊಡುತ್ತೇನೆ ಎಂದು. ಅವರು ಒಪ್ಪಿದ್ದಾರೆ. ಮಹೋತ್ಸವದ ದಿನ ಆ ಪಟ್ಟಿಯನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕುತ್ತಾರೆ. ತಾಂಡಾದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಗೊತ್ತಿದ್ದರೆ, ಅವನಿಗೂ ಆಹ್ವಾನವಿದೆ ಎಂದು ತಿಳಿಸಿ. ಈಗ ಅವನಿಗೂ ನಲವತ್ತು ದಾಟಿರಬೇಕು. ನಾನು ಅಂದು ಬೆಳಗಿನಿಂದ ಸಂಜೆಯವರೆಗೂ ಶಾಲೆಯಲ್ಲೇ ಇರುತ್ತೇನೆ.